ಡೈವೋರ್ಸ್ ಆದಮೇಲೆ ಬಾಂಡ್ ಮೇಲೆ ಬರೆದುಕೊಟ್ಟ ದುಡ್ಡಿನ ಕರಾರು ನಡೀತೈತೇನ್ರಿ?

ಗೋಕಾಕದಿಂದ ಪ್ರಶ್ನೆ: ಇಬ್ಬರೂ ಒಪ್ಪಿ ಡೈವೋರ್ಸ್ ಆಗೇತಿ. ಆಮೇಲೆ ಮಾಜಿ ಗಂಡ 100 ರೂಪಾಯಿ ಬಾಂಡ್ ಮೇಲೆ 4 ಲಕ್ಷ ರೂಪಾಯಿ 8 ಕಂತಿನಾಗ ಕೊಡತೀನಿ ಅಂತ ಬರದು ಸಹಿ ಮಾಡ್ಯಾರ. ಇಬ್ಬರ ಸಾಕ್ಷಿ ಐತಿ. ನೋಟರಿ, ರಜಿಸ್ಟರ್ ಇಲ್ಲ. ಎರಡು ಕಂತು ಕೊಟ್ಟು ನಿಲ್ಲಿಸ್ಯಾರ. ಈ ಹಾಳಿಗೆ ಕಿಮ್ಮತ್ತು ಐತೇನ್ರಿ?

ಅಥಣಿಯಿಂದ ಉತ್ತರ: ಐತ್ರಿ ಅಕ್ಕಾರ. ದುಡ್ಡಿನ ಕರಾರಿಗೆ ನೋಟರಿ, ನೋಂದಣಿ ಕಡ್ಡಾಯ ಅಲ್ಲ. ದುಡ್ಡು ಯಾತಕ್ಕ ಅಂತ ಬರದಾರೋ ಇಲ್ಲೋ ಮೊದಲ ನೋಡ್ರಿ. ‘ಒತ್ತಿ ಇಟ್ಟ ಆಕಿ ಬಂಗಾರದ ಬದಲಿಗೆ’ ಅಂತಲೋ ‘ಆಕಿ ಕಡೆ ತಗೊಂಡ ಸಾಲ’ ಅಂತಲೋ ಇದ್ರ ಹಾಳಿ ಗಟ್ಟಿ. ಬರೇ ‘ಕೊಡುತ್ತೇನೆ’ ಅಂತಿದ್ರ, ಪ್ರತಿಫಲ ಇಲ್ಲದ (ಬದಲಿಗೆ ಏನೂ ಪಡೀದ ಬರದ) ಕರಾರು ನಡಿಯೂದಿಲ್ಲ ಅಂತ ಎದುರಿನ ವಕೀಲರು 1872ರ ಕರಾರು ಕಾಯ್ದೆಯ 25ನೇ ಕಲಂ ಹಿಡೀತಾರ. ಹೊಲ, ಮನಿ ಬಿಟ್ಟುಕೊಡೂ ಮಾತು ಅದರಾಗ ಇದ್ರ ಅಷ್ಟಕ್ಕ ನೋಂದಣಿ ಬೇಕ ಬೇಕು.

ಇನ್ನ ಮುದ್ದತು. ಕಂತು ತಪ್ಪಿದ ದಿನದಿಂದ 3 ವರ್ಷದಾಗ ದಾವೆ ಹಾಕಬೇಕು, ಪ್ರತಿ ಕಂತಿಗೂ ಬ್ಯಾರೆ ಲೆಕ್ಕ. ‘ಒಂದು ತಪ್ಪಿದರೆ ಪೂರ್ತಿ ಕೊಡಬೇಕು’ ಅಂತ ಬರದಿದ್ರ ಮೊದಲ ಸಲ ತಪ್ಪಿದ ದಿನದಿಂದನ ಎಣಸ್ರಿ. ಮುದ್ದತು ಮುಗಿಯೂದ್ರಾಗ ‘ಇನ್ನೂ 3 ಲಕ್ಷ ಬಾಕಿ’ ಅಂತ ತಾರೀಕು ಹಾಕಿಸಿ ಸಹಿ ತಗೊಂಡ್ರ ಹೊಸದಾಗಿ 3 ವರ್ಷ ಸಿಗತೈತಿ. ಮುಗದ ಮ್ಯಾಲ ಬಾಕಿ ಒಪ್ಪಿಕೊಂಡ್ರ ಸಾಲೂದಿಲ್ಲ, ಕೊಡತೀನಿ ಅಂತ ಹೊಸದಾಗಿ ಬರದು ಸಹಿ ಮಾಡಬೇಕು.

ಜಮಖಂಡಿ: ಬಾಂಡ್ ಬೆಲಿ ಸಣ್ಣ ಮಾತಲ್ರಿ. ಮುದ್ರಾಂಕ ಕಡಿಮಿ ಬಿದ್ರ ಹಾಳಿ ರದ್ದಾಗೂದಿಲ್ಲ, ಆದ್ರ ಸಾಕ್ಷ್ಯಕ್ಕ ತಗೊಳ್ಳೂದಿಲ್ಲ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆ 34ನೇ ಕಲಂ ಪ್ರಕಾರ ಕಡಿಮಿ ಬಿದ್ದದ್ದು, ಅದರ ಹತ್ತು ಪಟ್ಟು ದಂಡ ತುಂಬಿದ ಮ್ಯಾಲ ತಗೋತಾರ. ಪ್ರಾಮಿಸರಿ ನೋಟಿಗೆ (ಷರತ್ತಿಲ್ಲದ ದುಡ್ಡು ಕೊಡತೀನಿ ಅಂತ ಬರದ ವಚನಪತ್ರಕ್ಕ) ಈ ಸವಲತ್ತೂ ಇಲ್ಲ. ಮತ್ತ ಹಾಳಿ ಲ್ಯಾಮಿನೇಷನ್ ಮಾಡಸಬ್ಯಾಡ್ರಿ, ಕೋರ್ಟಿನ ಶಿಕ್ಕಾ ಎಲ್ಲಿ ಒತ್ತಬೇಕು?

ವಿಜಯಪುರ: ಡೈವೋರ್ಸ್ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಮತ್ತೊಮ್ಮೆ ಓದ್ರಿ. ‘ಇನ್ನು ಪರಸ್ಪರ ಯಾವ ಬೇಡಿಕೆಯೂ ಇಲ್ಲ’ ಅನ್ನೂ ಸಾಲು ಬಹಳ ಡಿಕ್ರಿಯೊಳಗ ಇರತದ, ಎದುರಿನವರು ಅದನ್ನ ಮುಂದ ಮಾಡತಾರ. ಬಾಂಡಿನ ತಾರೀಕು ಡಿಕ್ರಿ ಆದಮ್ಯಾಲಿಂದು ಇದ್ರ ಇದು ಹೊಸ ಕರಾರು ಅಂತ ವಾದಸಬಹುದು. ಮಕ್ಕಳ ಜೀವನಾಂಶ ಬಿಟ್ಟೀನಿ ಅಂತ ತಾಯಿ ಬರದುಕೊಟ್ರೂ ಮಕ್ಕಳ ಹಕ್ಕು ಹೋಗೂದಿಲ್ಲ.

ಬೆಳಗಾವಿ: ಈ ಹಾಳಿ ಡಿಕ್ರಿ ಅಲ್ಲ, ನೇರ ಅಮಲ್ಜಾರಿ (ಕೋರ್ಟಿನ ಮೂಲಕ ವಸೂಲಿ ಅರ್ಜಿ) ಹಾಕಾಕ ಬರೂದಿಲ್ಲ. ಮೊದಲ ವಕೀಲರ ನೋಟಿಸು ಸ್ಪೀಡ್ ಪೋಸ್ಟಿನಾಗ ಕಳಸ್ರಿ. ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ. ಹೆಣ್ಣಮಕ್ಕಳಿಗೆ ಆದಾಯ ನೋಡದನ ವಕೀಲರನ್ನ ಪುಕ್ಕಟೆ ಕೊಡತಾರ. ಲೋಕ ಅದಾಲತ್ತಿನಾಗ ರಾಜಿ ಆದ್ರ ಅದು ಡಿಕ್ರಿ ಸಮ, ಅಮಲ್ಜಾರಿಗೆ 12 ವರ್ಷ ಇರತೈತಿ. ಆ ಎರಡು ಕಂತು ಬ್ಯಾಂಕಿನ ಮೂಲಕ ಬಂದಿದ್ರ ಸ್ಟೇಟ್‌ಮೆಂಟ್ ಇವತ್ತ ತಗದಿಡ್ರಿ.