ಹಳೆಯ ಕ್ಯಾಮೆರಾ ಬದಲಿಸಬೇಕಾ, ಕಾಯಬೇಕಾ? ಮುಂದೆ ನಿಜವಾಗಿ ಬದಲಾಗುವುದು ಏನು?

ಮುಂಗೋಳಿ:

ನನ್ನ ಹತ್ತಿರ 2011ರಲ್ಲಿ ಕೊಂಡ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಇದೆ. 16 ಮೆಗಾಪಿಕ್ಸೆಲ್. ಕೈ ಹಿಡಿಯುವ ಜಾಗದ ರಬ್ಬರ್ ಎದ್ದು ಬಂದಿತ್ತು, ಎರಡು ಸಲ ಅಂಟಿಸಿದ್ದೇನೆ. ಫೋಟೊ ಈಗಲೂ ಚೆನ್ನಾಗಿಯೇ ಬರುತ್ತದೆ. ಆದರೆ ಮಗಳಿಗೆ ಆರು ವರ್ಷ, ಒಂದು ಕಡೆ ನಿಲ್ಲುವವಳಲ್ಲ. ಹತ್ತು ಫೋಟೊ ತೆಗೆದರೆ ಏಳರಲ್ಲಿ ಫೋಕಸ್ ಹಿಂದಿನ ಗೋಡೆಗೆ ಹೋಗಿರುತ್ತದೆ.

ಇನ್ನೊಂದು ವಿಷಯ ಬಹಳ ದಿನದಿಂದ ಕಾಡುತ್ತಿದೆ. ಫೋನಿನಲ್ಲಿ ತೆಗೆದ ಫೋಟೊ ಫೋನಿನಲ್ಲಿ ನೋಡಿದರೆ ಥಳಥಳ ಹೊಳೆಯುತ್ತದೆ. ಕ್ಯಾಮೆರಾ ಫೋಟೊವನ್ನು ಅದೇ ಫೋನಿಗೆ ಹಾಕಿ ನೋಡಿದರೆ ಮಂಕು. ಸೆನ್ಸರ್ ದೊಡ್ಡದು, ಲೆನ್ಸ್ ಒಳ್ಳೆಯದು, ಆದರೂ ಹೀಗ್ಯಾಕೆ?

ನಾನು ಇವಳ ಫೋಟೊ ತೆಗೆಯುತ್ತಿರುವುದು ಇಪ್ಪತ್ತು ವರ್ಷ ಬಿಟ್ಟು ಅವಳೇ ನೋಡಲಿ ಅಂತ. ಆಗಿನ ಪರದೆ ಹೇಗಿರುತ್ತದೋ. ಅದಕ್ಕೆ ಈಗಲೇ ಏನು ಮಾಡಿಟ್ಟುಕೊಳ್ಳಬೇಕು? ಗೊತ್ತಿರುವವರು ಹೇಳಿ.

ಶಟರ್‌ಸದ್ದು:

ಫೋಕಸ್ ವಿಷಯಕ್ಕೆ ಕಾಯುವುದು ಬೇಡ. ನಿಮ್ಮ ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ನೋಡುವ ಸೆನ್ಸರ್ ಬೇರೆಯೇ, ಕನ್ನಡಿಯ ಕೆಳಗಿದೆ. ಅದರ ಬಿಂದುಗಳೆಲ್ಲ ಚೌಕಟ್ಟಿನ ನಡುವೆ ಗುಂಪಾಗಿರುತ್ತವೆ. ಮಗು ಪಕ್ಕಕ್ಕೆ ಓಡಿದರೆ ಮುಗಿಯಿತು. ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಫೋಟೊ ಹಿಡಿಯುವ ಸೆನ್ಸರೇ ಫೋಕಸನ್ನೂ ನೋಡುತ್ತದೆ. ಕಣ್ಣು ಎಲ್ಲಿದೆ ಅಂತ ಗುರುತು ಹಿಡಿದು ಅದರ ಬೆನ್ನು ಹತ್ತುತ್ತದೆ.

ಮುಂದೆ ಬರಲಿರುವುದು ಗ್ಲೋಬಲ್ ಶಟರ್. ಈಗಿನ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ಫ್ಯಾನಿನ ರೆಕ್ಕೆ ಜಾಗ ಬದಲಿಸಿರುತ್ತದೆ, ಫೋಟೊದಲ್ಲಿ ಬಾಗಿ ಕಾಣುತ್ತದೆ. ಗ್ಲೋಬಲ್ ಶಟರ್‌ನಲ್ಲಿ ಎಲ್ಲ ಪಿಕ್ಸೆಲ್ ಒಂದೇ ಕ್ಷಣದಲ್ಲಿ ಬೆಳಕು ಹಿಡಿಯುತ್ತವೆ. ಫುಲ್ ಫ್ರೇಮ್‌ನಲ್ಲಿ (ಹಳೆಯ 35 ಎಂಎಂ ಫಿಲ್ಮ್ ಅಳತೆಯ ಸೆನ್ಸರಿನಲ್ಲಿ) ಇದನ್ನು ಮೊದಲು ತಂದದ್ದು 2023ರಲ್ಲಿ ಘೋಷಣೆಯಾದ ಸೋನಿ ಎ9 III. ಆದರೆ ಅದರ ಮೂಲ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಅಳತೆಯ ಮೂಲ ಮಟ್ಟ, 250; ಮಾಮೂಲಿಗಿಂತ ಜಾಸ್ತಿ. ಪ್ರತಿ ಪಿಕ್ಸೆಲ್‌ನಲ್ಲೂ ಹಿಡಿದ ಬೆಳಕನ್ನು ಕೂಡಿಡಲು ಜಾಗ ಬೇಕು, ಅಷ್ಟು ಜಾಗ ಬೆಳಕು ಹಿಡಿಯುವ ಕೆಲಸದಿಂದ ಹೋಗುತ್ತದೆ. ಮಗಳ ಫೋಟೊಗೆ ಇದಕ್ಕಾಗಿ ಕಾಯಬೇಕಿಲ್ಲ.

ಡಾರ್ಕ್‌ರೂಮ್:

ಮುಂಗೋಳಿ ಅವರೇ, ನಿಮ್ಮ ಎರಡನೇ ಪ್ಯಾರಾ ಓದಿ ಸುಮ್ನಿರಲಾಗಲಿಲ್ಲ. ನಿಮ್ಮ ಕ್ಯಾಮೆರಾ ಸೋತಿಲ್ಲ. ಅದು ಹಿಡಿದ ಬೆಳಕು ಪರದೆಯವರೆಗೆ ಬಂದಿಲ್ಲ, ಅಷ್ಟೇ.

2010ರಲ್ಲಿ ನಾನು ಅಮ್ಮನ ಒಂದು ಫೋಟೊ ತೆಗೆದೆ. ಕಿಟಕಿಗೆ ಬೆನ್ನು ಮಾಡಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಹೊರಗೆ ಮಧ್ಯಾಹ್ನದ ಬಿಸಿಲು. ಕಿಟಕಿ ಓವರ್ ಆಗದಿರಲಿ ಅಂತ ಎಕ್ಸ್‌ಪೋಷರ್ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ ಕ್ಲಿಕ್ಕಿಸಿದೆ. ಮನೆಯವರಿಗೆ ಕೊಡಲು ಜೆಪೆಗ್ ಮಾಡುವಾಗ ಮುಖ ಕಾಣಬೇಕಲ್ವಾ, ಬೆಳಕು ಏರಿಸಿದೆ. ಕಿಟಕಿ ಬಿಳಿ ಹಾಳೆಯಾಯಿತು. ಅದನ್ನೇ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿದೆ. ಅಷ್ಟೂ ವರ್ಷ ನಮಗೆ ಆ ಫೋಟೊ ಅಂದರೆ ಅದೇ.

ಕಳೆದ ವರ್ಷ ಎಚ್‌ಡಿಆರ್ (ಮಾಮೂಲಿ ಬಿಳಿಗಿಂತ ಹೆಚ್ಚಿನ ಹೊಳಪನ್ನೂ ತೋರಿಸುವ ಪದ್ಧತಿ) ತೋರಿಸುವ ಓಎಲ್‌ಇಡಿ ಮಾನಿಟರ್ ತಂದೆ. ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮ್‌ಗೆ 2023ರಲ್ಲೇ ಎಚ್‌ಡಿಆರ್ ಎಡಿಟಿಂಗ್ ಬಂದಿತ್ತು, ನಾನು ನೋಡಿರಲಿಲ್ಲ. ಹಳೆಯ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟ ಮೂಲ ಫೈಲ್) ತೆರೆದು ಅದನ್ನು ಆನ್ ಮಾಡಿದೆ. ಬಿಳಿ ಹಾಳೆ ಇದ್ದ ಕಡೆ ಎಲೆಗಳು ಬಂದವು. ಎಲೆಯ ಅಂಚಿನಲ್ಲಿ ಬಿಸಿಲು ನಿಜವಾಗಿಯೂ ಬಿಸಿಲಿನ ಹಾಗೆ ಹೊಳೆಯುತ್ತಿತ್ತು. ಅಮ್ಮನ ಕಿವಿಯ ಹಾಲೆ ಹಿಂದಿನ ಬೆಳಕಿಗೆ ಕೆಂಪಗೆ ಬೆಳಗಿತ್ತು. ಸೂಜಿಯ ತುದಿಯಲ್ಲಿ ಒಂದು ಚುಕ್ಕೆ ಹೊಳಪು. ಅಮ್ಮ ಈಗಿಲ್ಲ. ಆ ಬೆಳಕು ಅಷ್ಟೂ ವರ್ಷ ಫೈಲಿನೊಳಗೇ ಇತ್ತು. ತೋರಿಸಬಲ್ಲ ಪರದೆ ನನ್ನ ಹತ್ತಿರ ಇರಲಿಲ್ಲ.

ಕಾರಣ ಹೇಳುತ್ತೇನೆ. ಮಾಮೂಲಿ ಚಿತ್ರಗಳ ಪದ್ಧತಿ ಸುಮಾರು 100 ನಿಟ್ (ಪರದೆಯ ಹೊಳಪಿನ ಅಳತೆ) ಹೊಳಪಿನ ಪರದೆಯನ್ನು ಲೆಕ್ಕಕ್ಕಿಟ್ಟುಕೊಂಡು ಬಂದದ್ದು. ಜೆಪೆಗ್ 1992ರ ಮಾನದಂಡ, ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ನಿಮ್ಮ ಕ್ಯಾಮೆರಾದ ರಾ ಫೈಲ್ 14 ಬಿಟ್ ಆಗಿದ್ದರೆ 16,384 ಮೆಟ್ಟಿಲು. ಎಚ್‌ಡಿಆರ್‌ನ ಪಿಕ್ಯೂ ಪದ್ಧತಿಯಲ್ಲಿ 10,000 ನಿಟ್‌ವರೆಗೆ ಬರೆದಿಡಬಹುದು. ಒಳ್ಳೆಯ ಫೋನುಗಳ ಪರದೆ ಈಗಾಗಲೇ 1,000 ನಿಟ್ ದಾಟಿದೆ.

ಫೋನ್ ತೆಗೆದ ಫೋಟೊ ಥಳಥಳ ಅನ್ನುವ ಗುಟ್ಟು ಇಲ್ಲೇ ಇದೆ. ಅದು ಮಾಮೂಲಿ ಚಿತ್ರದ ಜೊತೆ ಗೇನ್ ಮ್ಯಾಪ್ ಅನ್ನುವ ಇನ್ನೊಂದು ಸಣ್ಣ ಚಿತ್ರವನ್ನೂ ಇಡುತ್ತದೆ. ಎಲ್ಲಿ ಎಷ್ಟು ಹೊಳಪು ಏರಿಸಬೇಕು ಅನ್ನುವ ನಕ್ಷೆ ಅದು. ಆಂಡ್ರಾಯ್ಡ್ 14ರಲ್ಲಿ ಬಂದ ಅಲ್ಟ್ರಾ ಎಚ್‌ಡಿಆರ್ ಅಂದರೆ ಇದೇ. ನಿಮ್ಮ ಕ್ಯಾಮೆರಾದ ಜೆಪೆಗ್‌ನಲ್ಲಿ ಆ ನಕ್ಷೆ ಇಲ್ಲ. ಹಾಗಾಗಿ ಫೋನ್ ಅದನ್ನು ಮಾಮೂಲಿ ಬಿಳಿಯಲ್ಲೇ ನಿಲ್ಲಿಸಿಬಿಡುತ್ತದೆ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 4ಕೆ ಪರದೆಯಲ್ಲಿರುವುದು ಸುಮಾರು 83 ಲಕ್ಷ ಪಿಕ್ಸೆಲ್. ನಿಮ್ಮ ಫೋಟೊದಲ್ಲಿ ಅದರ ಎರಡರಷ್ಟಿದೆ.

1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದಾಗ 0.01 ಮೆಗಾಪಿಕ್ಸೆಲ್ ಚಿತ್ರ ಕ್ಯಾಸೆಟ್‌ಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ಅದನ್ನು ನೋಡಲು ಟಿವಿಗೆ ಜೋಡಿಸುವ ಯಂತ್ರವನ್ನೂ ಅವರೇ ಮಾಡಿಕೊಳ್ಳಬೇಕಾಯಿತು. ಕ್ಯಾಮೆರಾ ಮತ್ತು ಪರದೆ ಹುಟ್ಟಿದ್ದೇ ಒಟ್ಟಿಗೆ. ಆಮೇಲೆ ನಾವು ಪಿಕ್ಸೆಲ್ ಎಣಿಸುತ್ತ ಕೂತೆವು, ಪರದೆಯನ್ನು ಮರೆತೆವು. ನನಗೆ ಬೇಜಾರು ಇರುವುದು ಅದಕ್ಕೇ.

ಇನ್ನು ಮುಂದಿನ ಪರದೆ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್‌ಗೂ ತನ್ನದೇ ಬೆಳಕಿದೆ, ಕಪ್ಪು ಅಂದರೆ ಪೂರ್ತಿ ಕಪ್ಪು. ಆದರೆ ಅದರೊಳಗಿನ ವಸ್ತು ಬಳಸುತ್ತ ಬಳಸುತ್ತ ಸವೆಯುತ್ತದೆ. ಮೈಕ್ರೋ ಎಲ್‌ಇಡಿಗೆ ಆ ಕಾಟ ಕಡಿಮೆ, ಹೊಳಪೂ ಜಾಸ್ತಿ. ಅದರ ಕಷ್ಟ ಬೇರೆ. 4ಕೆ ಪರದೆ ಒಂದಕ್ಕೆ ಕೆಂಪು, ಹಸಿರು, ನೀಲಿ ಸೇರಿ ಸುಮಾರು ಎರಡೂವರೆ ಕೋಟಿ ಪುಟ್ಟ ಎಲ್‌ಇಡಿಗಳನ್ನು ತಪ್ಪಿಲ್ಲದೆ ಕೂರಿಸಬೇಕು. ಅದಕ್ಕೇ ಇಷ್ಟು ನಿಧಾನ. ಬರುತ್ತದೆ, ನನಗೆ ನಂಬಿಕೆ ಇದೆ.

ಕರಿಹಲಗೆ:

ಡಾರ್ಕ್‌ರೂಮ್ ಸರ್, ನಿಮ್ಮ ಅಮ್ಮನ ಫೋಟೊ ವಿಷಯ ಓದಿ ಮನಸ್ಸು ತುಂಬಿತು. ಒಂದು ಮಾತು ಕೇಳಬೇಕು. ಒಂದೂವರೆ ಸ್ಟಾಪ್ ಇಳಿಸಿದ್ದರಿಂದ ಮುಖದಲ್ಲಿ ನಾಯ್ಸ್ (ಮರಳಿನಂಥ ಚುಕ್ಕೆಗಳು) ಬಂದಿರಬೇಕಲ್ವಾ? ಅದನ್ನು ಎಐನಿಂದ ತೆಗೆಸಿದಿರಾ?

ಯಾಕೆ ಕೇಳಿದೆ ಅಂದರೆ, ಹೋದ ತಿಂಗಳು ಒಂದು ಕಾರ್ಯಕ್ರಮದಲ್ಲಿ ಹಿಂದಿನ ಸಾಲಿನಿಂದ ಹಲಗೆಯ ಫೋಟೊ ತೆಗೆದೆ, ಫೋನಿನಲ್ಲಿ, ಪೂರ್ತಿ ಜೂಮ್ ಮಾಡಿ. ನೋಡಲು ಬಲು ಚೂಪು. ಹತ್ತಿರ ಹೋಗಿ ಹೋಲಿಸಿದರೆ ಎರಡು ಅಕ್ಷರ ಯಾವ ಭಾಷೆಯದ್ದೂ ಅಲ್ಲ. ಫೋನ್ ಊಹೆ ಮಾಡಿ ಗೆರೆ ಎಳೆದಿತ್ತು. ಅಕ್ಷರವಾದ್ದರಿಂದ ಸಿಕ್ಕಿಬಿತ್ತು. ಮುಖವಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನನಗೆ ಪರದೆಗಿಂತ ಇದರ ಚಿಂತೆ ಜಾಸ್ತಿ. ಫೋಟೊ ಎಲ್ಲಿ ಹುಟ್ಟಿತು, ಏನೇನು ಬದಲಾಯಿತು ಅನ್ನುವುದಕ್ಕೆ ಸಹಿ ಹಾಕುವ ಕಂಟೆಂಟ್ ಕ್ರೆಡೆನ್ಷಿಯಲ್ಸ್ 2023ರಲ್ಲಿ ಲೈಕಾ ಎಂ11-ಪಿ ಕ್ಯಾಮೆರಾದೊಳಗೇ ಬಂತು. ಅದು ಎಲ್ಲ ಕ್ಯಾಮೆರಾಗೂ ಬರಬೇಕು.

ಡಾರ್ಕ್‌ರೂಮ್:

ನಾಯ್ಸ್ ಇದೆ, ಕೆನ್ನೆಯ ನೆರಳಿನ ಕಡೆ ಚೆನ್ನಾಗಿಯೇ ಕಾಣುತ್ತದೆ. ಎಐ ಹಾಕಿ ನೋಡಿದೆ. ಚರ್ಮ ನುಣುಪಾಯಿತು, ಅಮ್ಮನ ಕೆನ್ನೆಯ ಒಂದು ಗೆರೆ ಹೋಯಿತು. ವಾಪಸ್ ತೆಗೆದೆ. ನಿಮ್ಮ ಚಿಂತೆ ಸರಿ ಇದೆ. ಮೂಲ ಫೈಲ್ ಕೈಯಲ್ಲಿದ್ದರೆ ಮಾತ್ರ ಹೋದ ಗೆರೆ ವಾಪಸ್ ಬರುತ್ತದೆ.

ಮುಂಗೋಳಿ:

ಎಲ್ಲರಿಗೂ ಬಹಳ ಥ್ಯಾಂಕ್ಸ್. ನಾನು ಇಲ್ಲಿವರೆಗೆ ಬರೀ ಜೆಪೆಗ್ ಇಟ್ಟಿದ್ದೇನೆ. ಆರು ವರ್ಷದ್ದೆಲ್ಲ ಹಾಗೇ. ಹೊಟ್ಟೆ ಉರಿಯುತ್ತಿದೆ.

ಡಾರ್ಕ್‌ರೂಮ್:

ಕಳೆದದ್ದಕ್ಕೆ ಕೊರಗಬೇಡಿ, ಅವೂ ಒಳ್ಳೆಯ ಫೋಟೊಗಳೇ. ಇವತ್ತೇ ಮೆನುವಿನಲ್ಲಿ ರಾ ಮತ್ತು ಜೆಪೆಗ್ ಎರಡನ್ನೂ ಉಳಿಸುವ ಆಯ್ಕೆ ಹಾಕಿ. ಕಿಟಕಿ, ದೀಪ, ಆಕಾಶ ಇದ್ದರೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಸೆನ್ಸರ್ ತುಂಬಿ ಚೆಲ್ಲಿದ ಬೆಳಕನ್ನು ಯಾವ ಪರದೆಯೂ ವಾಪಸ್ ತರಲಾರದು. ಫೈಲುಗಳನ್ನು ಎರಡು ಬೇರೆ ಡಿಸ್ಕಿನಲ್ಲಿಡಿ. ಮಿರರ್‌ಲೆಸ್ ಫೋಕಸ್‌ಗಾಗಿ ಬೇಕಾದರೆ ಕೊಳ್ಳಿ. ಬಣ್ಣಕ್ಕೂ ಹೊಳಪಿಗೂ ಈ ಹಳೆಯದೇ ಸಾಕು.

ನಾಳೆ ಮಗಳನ್ನು ಕಿಟಕಿಯ ಮುಂದೆ ಕೂರಿಸಿ ಒಂದು ತೆಗೆಯಿರಿ. ರಾ ಫೈಲ್ ಕಳಿಸಿ, ನನ್ನ ಮಾನಿಟರ್‌ನಲ್ಲಿ ತೆರೆದು ಕಿಟಕಿಯಾಚೆ ಏನೇನಿದೆ ಅಂತ ಹೇಳುತ್ತೇನೆ.