ಸೀನನ ಮಟನ್ ಚೀಟಿ

ಯುಗಾದಿಗೆ ಇನ್ನು ಎರಡೇ ವಾರ ಇತ್ತು. ಕೋಲಾರದ ನಮ್ ಮಾಮೂಲಿ ಟೀ ಅಂಗಡೀಲಿ ಸೀನ ಮುಖ ಇಷ್ಟುದ್ದ ಮಾಡ್ಕೊಂಡು ಕೂತಿದ್ದ. ಏನಪ್ಪಾ ಅಂದ್ರೆ ರಕ್ತದಲ್ಲಿ ಕ್ರಿಯಾಟಿನಿನ್ ಅನ್ನೋ ಕಸ ಜಾಸ್ತಿ ಬಂದಿದೆ, ಕಿಡ್ನಿ ಕಾಯಿಲೆ ಮೂರನೇ ಸ್ಟೇಜಂತೆ ಅಂದ.

"ಬೆಂಗಳೂರಿನ ಕೊಳಚೆ, ಆ ಕೆಸಿ ವ್ಯಾಲಿ ನೀರೇ ಎರಡ್ ಸಲ ಶುದ್ಧ ಮಾಡಿ ನಮ್ ಕೆರೆಗೆ ಬಿಡ್ತಾರೆ, ನಿನ್ ಕಿಡ್ನಿ ಒಂದ್ ಸಲನೂ ಮಾಡಲ್ಲ ಅಂತಿದ್ಯಾ?" ಅಂದ ಮುನಿಯಣ್ಣ. "ಅದಿರ್ಲಿ, ಯುಗಾದಿ ಮಾರನೇ ದಿನ ಹೊಸತೊಡಕಿನ ಕಥೆ ಏನು?"

"ಅದೇ ಅಣ್ಣ ಸಂಕಟ. ಹನ್ನೊಂದು ತಿಂಗ್ಳಿಂದ ಹಬ್ಬದ ಮಟನ್‌ಗೆ ಅಂತ ಚೀಟಿ ದುಡ್ಡು ಕಟ್ಟಿದೀನಿ."

"ಡಾಕ್ಟ್ರು ತಿನ್ಲೇಬೇಡ ಅಂದ್ರಾ?"

"ತಿನ್ಬೋದು ಅಂದ್ರು. ಆದ್ರೆ ಒಂದ್ ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಅಷ್ಟೇ ಅಂತೆ. ನಾನು 60 ಕೆಜಿ, ಅಲ್ಲಿಗೆ 48 ಗ್ರಾಂ."

"48 ಗ್ರಾಂ ಮಟನ್ನು ಹಲ್ಲಿನ ಸಂದಿಗೇ ಸಾಲಲ್ವಲ್ಲೋ!"

"ಮಟನ್ ಅಲ್ಲಪ್ಪ, ಪ್ರೋಟೀನು" ಅಂದ್ರು ಮೇಷ್ಟ್ರು. "ಬೆಂದಿರೋ ಮಟನ್ 100 ಗ್ರಾಮಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತೆ. ಮುದ್ದೆ, ಬೇಳೆ, ಹಾಲು ಎಲ್ಲಾ ಅದೇ ಲೆಕ್ಕದಲ್ಲೇ ಬರ್ಬೇಕು. ಒಂದು ಇಸ್ಪೀಟ್ ಪ್ಯಾಕ್ ಗಾತ್ರ ತಿನ್ನು, ಸಾಕು."

"ರಮ್ಮಿಗೆ ಎರಡು ಪ್ಯಾಕ್ ಬೇಕಲ್ಲ ಮೇಷ್ಟ್ರೇ."

ನಮ್ ಕಡೆ ಹೊಸತೊಡಕು ಅಂದ್ರೆ ಬೆಳಗಿನ ಜಾವಕ್ಕೇ ಕುರಿ ಕುಯ್ದು ತಲೆ ಕಾಲು ಬೋಟಿ ಈಲಿ ಎಲ್ಲಾ ಸಮ ಹಂಚಿ ಸಾಲಾಗಿ ಗುಡ್ಡೆ ಹಾಕ್ತಾರೆ, ಆ ಗುಡ್ಡೆ ಮನೆಗೆ ಬಂದ್ಮೇಲೆ ಗ್ರಾಂ ಲೆಕ್ಕ ಹಾಕೋ ಗಂಡಸು ಈ ಜಿಲ್ಲೇಲಿ ಇನ್ನೂ ಹುಟ್ಟಿಲ್ಲ, ನನ್ನನ್ನೂ ಸೇರ್ಸಿ.

ಮುನಿಯಣ್ಣ ಬಿಡ್ಲಿಲ್ಲ. "ನಮ್ ಬೀದೀಲಿ ಡಯಾಲಿಸಿಸ್ ಮಾಡಿಸ್ಕೊಳೋರಿಗೆ ಮೊಟ್ಟೆ ಚೆನ್ನಾಗ್ ತಿನ್ನಿ ಅಂದವ್ರಂತೆ, ಇವ್ನಿಗ್ಯಾಕೆ ಬೇರೆ ರೂಲ್ಸು?"

"ಡಯಾಲಿಸಿಸಲ್ಲಿ ಪ್ರೋಟೀನ್ ಸೋರಿ ಹೋಗುತ್ತೆ, ಅದಕ್ಕೆ ಅವ್ರಿಗೆ ಕೆಜಿಗೆ 1ರಿಂದ 1.2 ಗ್ರಾಂ" ಅಂದ್ರು ಮೇಷ್ಟ್ರು.

ಸೀನನ ಕಣ್ಣು ಮಿಂಚಿತು. "ಹಂಗಾದ್ರೆ ಡಯಾಲಿಸಿಸ್ ಶುರುವಾದ್ರೆ..."

"ಥೂ, ಬಾಯ್ಮುಚ್ಚು!" ಅಂತ ಮೂರೂ ಜನ ಒಟ್ಟಿಗೆ ಬೈದ್ವಿ.

ಮೇಷ್ಟ್ರು ಫೋನ್ ತೆಗೆದು, ಸಿಂಗಪುರದಲ್ಲಿ 60 ಸಾವಿರಕ್ಕೂ ಜಾಸ್ತಿ ಚೀನೀಯರನ್ನ ವರ್ಷಗಟ್ಟಲೆ ನೋಡಿ 2016ರಲ್ಲಿ ಬರೆದವ್ರೆ, ಕೆಂಪು ಮಾಂಸ ಜಾಸ್ತಿ ತಿಂದೋರಲ್ಲೇ ಕಿಡ್ನಿ ಫೇಲ್ ಆಗಿದ್ದು ಜಾಸ್ತಿ, ಅದ್ರ ಬದ್ಲು ಕೋಳಿ ತಿಂದ್ರೆ ರಿಸ್ಕ್ ಕಮ್ಮಿ ಅಂತ ಓದಿದ್ರು.

"ಅವ್ರು ತಿಂದಿದ್ದು ಯಾವ್ ಮಾಂಸ?"

"ಮುಕ್ಕಾಲುವಾಸಿಗಿಂತ ಜಾಸ್ತಿ ಹಂದಿ."

"ನೋಡ್ದಾ! ನಮ್ದು ಕುರಿ, ಹುಲ್ಲು ತಿನ್ಕೊಂಡಿರೋ ಸಾಧು. ಇನ್ನು ಹೊಸತೊಡಕಿಗೆ ಕೋಳಿ ಅಂದ್ರೆ ಅಳಿಯ ಬಾಗ್ಲಲ್ಲೇ ವಾಪಸ್."

ಸೀನ ನಿಟ್ಟುಸಿರು ಬಿಟ್ಟ. "ಹೋಗ್ಲಿ, ಬಸ್ಸಾರು ಮುದ್ದೆ ತಿನ್ಕೊಂಡು ಇದ್ಬಿಡ್ತೀನಿ."

"ಸೊಪ್ಪಲ್ಲಿ ಪೊಟ್ಯಾಸಿಯಂ ಇರುತ್ತಲ್ಲೋ, ನಿನ್ ರಕ್ತದಲ್ಲಿ ಅದು ಎಷ್ಟಿದೆ?" ಅಂದ್ರು ಮೇಷ್ಟ್ರು.

"ಅದೂ ಜಾಸ್ತಿನೇ ಅಂತೆ."

"ಹಂಗಾದ್ರೆ ಸೊಪ್ಪು ಬೇಯ್ಸಿ ನೀರು ಚೆಲ್ಬೇಕು ಕಣೋ. ಪೊಟ್ಯಾಸಿಯಂ ಬಿಟ್ಕೊಳೋದು ಆ ನೀರಿಗೇ."

ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಬಸಿದ ನೀರು ಚೆಲ್ಲಿದ್ಮೇಲೆ ಬಸ್ಸಾರು ಎಲ್ಲಿಂದ ಬರುತ್ತೆ? ಮಟನ್ ವಿಷಯ ಹೇಳ್ದಾಗ ಬರೀ ಬೇಜಾರಾಗಿದ್ದ ಸೀನ ಈಗ ನಿಜವಾಗ್ಲೂ ಅಳೋ ಥರ ಆದ.

"ಅಳ್ಬೇಡ" ಅಂದ ಮುನಿಯಣ್ಣ. "ನಿನ್ ಗುಡ್ಡೇಲಿ ಒಂದು ಇಸ್ಪೀಟ್ ಪ್ಯಾಕ್ ನೀನ್ ಇಟ್ಕೋ, ಮಿಕ್ಕಿದ್ದು ನಾನ್ ನೋಡ್ಕೊಂತೀನಿ."

"ಅಣ್ಣ, ನಿನಗೆ ಬಿಪಿನೂ ಇದೆ, ಶುಗರ್ರೂ ಇದೆ. ನನಗೂ ಹಿಂಗೇ ಶುರುವಾಗಿದ್ದು. ಒಂದ್ಸಲ ಕ್ರಿಯಾಟಿನಿನ್ ಚೆಕ್ ಮಾಡಿಸ್ಬಾರ್ದಾ?"

ಮುನಿಯಣ್ಣ ಲೋಟ ಕೆಳಗಿಟ್ಟ. "ಮಾಡಿಸ್ತೀನಿ. ಹೊಸತೊಡಕು ಆಗ್ಲಿ."