ಗಾಜಿನ ಬಾಟಲಿ ಫೋಟೊ: ಅಂಚು ಮಾಯ, ಮುರುಗಲು ಸಿರಪ್ಪು ಕಪ್ಪು, ಮೇಲೆ ಅಡ್ಡ ಪಟ್ಟೆ

ಪ್ರಶ್ನೆ

ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲೇ ಮಾಡುವ ಮುರುಗಲು (ಕೋಕಂ) ಸಿರಪ್ಪು, ನಮ್ಮದೇ ಪೆಟ್ಟಿಗೆಗಳ ತುಡುವೆ ಜೇನು ಎರಡನ್ನೂ ಗಾಜಿನ ಬಾಟಲಿಯಲ್ಲಿ ಮಾರುತ್ತೇವೆ. ವಾಟ್ಸಾಪಿನಲ್ಲಿ ಹಾಕಲು ಒಳ್ಳೆಯ ಫೋಟೊ ಬೇಕು. ಇರುವ ಸಾಮಾನು: ಪ್ರೊ ಮೋಡ್ ಇರುವ ಫೋನು, ಚಿಕ್ಕ ಟ್ರೈಪಾಡ್, 9 ವ್ಯಾಟಿನ ಎಲ್‌ಇಡಿ ಬಲ್ಬ್ ಎರಡು, ಗೋಡೆಗೆ ಅಂಟಿಸಿದ ಬಿಳಿ ಚಾರ್ಟ್. ಬಾಟಲಿಯ ಮುಂದೆ ಎಡಕ್ಕೊಂದು, ಬಲಕ್ಕೊಂದು ಬಲ್ಬ್ ಇಟ್ಟಿದ್ದೇನೆ.

ಗಾಜಿನ ಮೇಲೆ ಎರಡು ಬಿಳಿ ಚುಕ್ಕೆ ಹೊಳೆಯುತ್ತವೆ, ನಾನೂ ಫೋನೂ ಅದರಲ್ಲೇ ಕಾಣುತ್ತೇವೆ. ಬಾಟಲಿಯ ಕುತ್ತಿಗೆ ಬಿಳಿ ಚಾರ್ಟಿನಲ್ಲಿ ಕರಗಿಹೋಗುತ್ತದೆ. ಜೇನು ಮಂಕು, ಮುರುಗಲು ಪೂರ್ತಿ ಕಪ್ಪು. ಕೆಲವು ಫೋಟೊದಲ್ಲಿ ಅಡ್ಡಡ್ಡ ಪಟ್ಟೆ ಬೇರೆ. ಇನ್ನೂ ಜೋರಿನ ಬಲ್ಬ್ ತಂದರೆ ಸರಿಹೋದೀತೇ?

ಉತ್ತರ 1

ಬಲ್ಬ್ ಇದೇ ಸಾಕು, ಇಟ್ಟ ಜಾಗ ಬದಲಿಸಿ.

ಮಣ್ಣಿನ ಮಡಕೆಗೆ ಬೆಳಕು ಬಿಟ್ಟರೆ ಅದು ಎಲ್ಲ ಕಡೆಗೂ ಚದುರುತ್ತದೆ, ಹಾಗಾಗಿ ಮಡಕೆ ಕಾಣುತ್ತದೆ. ನುಣುಪಾದ ಗಾಜಿನಲ್ಲಿ ಬೆಳಕು ಬಹುಪಾಲು ತೂರಿಯೇ ಹೋಗುತ್ತದೆ. ನೇರವಾಗಿ ಬಿದ್ದ ಬೆಳಕಿನಲ್ಲಿ ಒಂದು ಮೇಲ್ಮೈಯಿಂದ ಕನ್ನಡಿಯಂತೆ ಹಿಂದಿರುಗುವುದು ಸುಮಾರು ಶೇ. 4 ಮಾತ್ರ. ನಿಮಗೆ ಕಾಣುವ ಬಿಳಿ ಚುಕ್ಕೆ ಅದೇ. ಬಲ್ಬ್ ಜೋರಾದಷ್ಟೂ ಚುಕ್ಕೆ ಜೋರಾಗುತ್ತದೆ, ಬಾಟಲಿ ಹಾಗೇ ಉಳಿಯುತ್ತದೆ. ಗಾಜಿನಲ್ಲಿ ಕ್ಯಾಮೆರಾ ನೋಡುವುದು ಅದರ ಹಿಂದೆ, ಪಕ್ಕದಲ್ಲಿ ಏನಿದೆಯೋ ಅದನ್ನೇ.

ಆದ್ದರಿಂದ ಬೆಳಕನ್ನು ಹಿಂದಕ್ಕೆ ಒಯ್ಯಿರಿ. ದೊಡ್ಡ ರಟ್ಟಿನ ಡಬ್ಬಿಯ ಒಂದು ಬದಿಯಲ್ಲಿ ಕಿಟಕಿಯಂತೆ ಕತ್ತರಿಸಿ, ಸುಕ್ಕಿಲ್ಲದ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ. ಹಿಂದಿನ ಬದಿ ತೆರೆದಿರಲಿ. ಪೇಪರಿನಿಂದ ಒಂದಡಿ ಹಿಂದೆ ಎರಡೂ ಬಲ್ಬ್, ಒಂದೂವರೆ ಎರಡಡಿ ಮುಂದೆ ಬಾಟಲಿ. ಪೇಪರಿನ ಮೇಲೆ ಬಲ್ಬಿನ ಗುಂಡು ಗುರುತು ಕಂಡರೆ ಬಲ್ಬನ್ನು ಇನ್ನಷ್ಟು ಹಿಂದಕ್ಕೆ ಎಳೆಯಿರಿ. ಎಲ್‌ಇಡಿ ಆದ್ದರಿಂದ ಕಾಗದ ಸುಡುವ ಭಯ ಕಡಿಮೆ. ಹ್ಯಾಲೊಜೆನ್ ದೀಪವನ್ನು ಮಾತ್ರ ಕಾಗದದ ಹತ್ತಿರ ತರಬೇಡಿ.

ಮುಖ್ಯವಾದ ಮಾತು ಇಲ್ಲಿದೆ. ಆ ಬಿಳಿ ಕಿಟಕಿ ಫೋಟೊದ ಚೌಕಟ್ಟಿಗಿಂತ ಸ್ವಲ್ಪವೇ ದೊಡ್ಡದಿರಬೇಕು. ಗಾಜಿನ ಅಂಚಿನಲ್ಲಿ ಬೆಳಕು ಬಾಗುವುದರಿಂದ ಅಲ್ಲಿ ಕಾಣುವುದು ನೇರ ಹಿಂದಿನದ್ದಲ್ಲ, ಪಕ್ಕದ್ದು. ಪಕ್ಕದಲ್ಲೂ ಬಿಳಿ ಇದ್ದರೆ ಅಂಚು ಬಿಳಿಯಲ್ಲಿ ಬಿಳಿಯಾಗಿ ಕರಗುತ್ತದೆ, ನಿಮ್ಮ ಬಾಟಲಿಯ ಕುತ್ತಿಗೆಗೆ ಆಗಿರುವುದು ಇದೇ. ಬಾಟಲಿಯ ಎರಡೂ ಪಕ್ಕ, ಚೌಕಟ್ಟಿನಿಂದ ಸ್ವಲ್ಪ ಹೊರಗೆ, ಕಪ್ಪು ಚಾರ್ಟಿನ ಪಟ್ಟಿ ನಿಲ್ಲಿಸಿ. ಪೆನ್ಸಿಲಿನಲ್ಲಿ ಬರೆದಂತೆ ಅಂಚಿನ ಗೆರೆ ಮೂಡುತ್ತದೆ. ಪಟ್ಟಿಯನ್ನು ಹತ್ತಿರ ತಂದರೆ ಗೆರೆ ದಪ್ಪ, ದೂರ ಸರಿಸಿದರೆ ತೆಳು. ಫೋನಿನ ಪರದೆ ನೋಡುತ್ತಲೇ ಸರಿಸಿ, ಈ ಕೆಲಸಕ್ಕೆ ಸಮಯ ಕೊಡಿ.

ಕೋಣೆಯ ಬೇರೆ ದೀಪ ಆರಿಸಿ, ಕಿಟಕಿ ಪರದೆ ಎಳೆಯಿರಿ. ನೀವು ಕತ್ತಲಲ್ಲಿ ನಿಂತರೆ ಗಾಜಿನಲ್ಲಿ ಕಾಣುವುದಿಲ್ಲ. ಫೋನನ್ನು ನಾಲ್ಕೈದು ಅಡಿ ದೂರವಿಟ್ಟು 2ಎಕ್ಸ್ ಲೆನ್ಸಿನಲ್ಲಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಬಾಟಲಿಯ ಆಕಾರವೂ ಕೆಡುತ್ತದೆ.

ಉತ್ತರ 2

ಅಡ್ಡ ಪಟ್ಟೆಗೆ ಕಾರಣ ಬೇರೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಫೋನಿನ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಆ ಏರಿಳಿತ ಪಟ್ಟೆಯಾಗಿ ಬೀಳುತ್ತದೆ. ಪ್ರೊ ಮೋಡಿನಲ್ಲಿ ಷಟರ್ (ಸೆನ್ಸರ್ ಬೆಳಕು ಹಿಡಿಯುವ ಸಮಯ) 1/50 ಅಥವಾ 1/100 ಸೆಕೆಂಡಿಗೆ ನಿಲ್ಲಿಸಿ, ಪ್ರತಿ ಸಾಲಿಗೂ ಪೂರ್ತಿ ಸುತ್ತಿನ ಬೆಳಕು ಸಿಗುತ್ತದೆ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100ರ ಆಸುಪಾಸು, 2 ಸೆಕೆಂಡಿನ ಟೈಮರ್. ಬಲ್ಬನ್ನು ಡಿಮ್ಮರಿಗೆ ಹಾಕಬೇಡಿ, ಪಟ್ಟೆ ಹೆಚ್ಚಾಗಬಹುದು.

ಹಿನ್ನೆಲೆ ಬಿಳಿಯಾಗುವಷ್ಟು ಬೆಳಕು ಸಾಕು. ಅದಕ್ಕಿಂತ ಹೆಚ್ಚಾದರೆ ಬೆಳಕು ಲೆನ್ಸಿನೊಳಗೆ ಚೆಲ್ಲಿ, ಕಷ್ಟಪಟ್ಟು ತಂದ ಕಪ್ಪು ಗೆರೆ ಬೂದಿ ಬಣ್ಣಕ್ಕೆ ಇಳಿಯುತ್ತದೆ. ಎರಡೂ ಬಲ್ಬ್ ಒಂದೇ ಬಣ್ಣದ್ದಿರಲಿ. ಬೆಳಕಿನ ಬಣ್ಣದ ಅಳತೆ 6500 ಕೆಲ್ವಿನ್ ಆದರೆ ಫೋನಿನ ವೈಟ್ ಬ್ಯಾಲೆನ್ಸನ್ನೂ (ಬಣ್ಣದ ಹೊಂದಾಣಿಕೆ) ಕೈಯಲ್ಲೇ ಅದಕ್ಕೆ ಹೊಂದಿಸಿ. ಆಟೊದಲ್ಲಿ ಬಿಟ್ಟರೆ ಫೋನು ಜೇನಿನ ಹಳದಿಯನ್ನೇ ತಪ್ಪೆಂದು ತಿಳಿದು ತಿದ್ದಲು ಹೋಗುತ್ತದೆ. ಮುಂದೆ ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90 ಅಥವಾ ಹೆಚ್ಚು ಇದೆಯೇ ನೋಡಿ, ಕೆಂಪು ಬಣ್ಣ ಚೆನ್ನಾಗಿ ಬರುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಡಬ್ಬಿ ಕತ್ತರಿಸಿ ಮಾಡಿದೆ. ಜೇನು ದೀಪ ಹಚ್ಚಿದ ಹಾಗೆ ಬಂದಿದೆ, ಪಟ್ಟೆ ಹೋಯಿತು, ಅಂಚೂ ಸಿಕ್ಕಿತು. ಈಗ ಎರಡು ತೊಂದರೆ ಉಳಿದಿವೆ. ಲೇಬಲ್ ಕಪ್ಪಾಗಿ ಓದಲು ಬರುವುದಿಲ್ಲ. ಮುರುಗಲು ಇನ್ನೂ ಕಪ್ಪೇ.

ಉತ್ತರ 3

ಮುರುಗಲು ಸಿರಪ್ಪು ಬಹಳ ಗಾಢ, ಹಿಂದಿನ ಬೆಳಕು ಅದನ್ನು ದಾಟುವುದಿಲ್ಲ. ಫೋಟೊಕ್ಕೆ ಮಾತ್ರ ಒಂದು ಬಾಟಲಿಯಲ್ಲಿ ನೀರು ಬೆರೆಸಿ ತೆಳು ಮಾಡಿಕೊಳ್ಳಿ. ಅನೇಕರು ಹಾಗೇ ಮಾಡುತ್ತಾರೆ.

ಉತ್ತರ 1

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಫೋಟೊ ನೋಡಿ ತರಿಸಿಕೊಂಡವರ ಕೈಗೆ ಗಾಢ ಬಣ್ಣದ ಬಾಟಲಿ ಬಂದರೆ ಇದು ಬೇರೆ ಮಾಲು ಎಂದುಕೊಳ್ಳುತ್ತಾರೆ. ಮನೆಯ ಹೆಸರಿನ ಮೇಲೆ ಮಾರುವವರು ಬಾಟಲಿಯಲ್ಲಿ ಇರುವುದನ್ನೇ ತೋರಿಸಬೇಕು.

ಬೇರೆ ದಾರಿ ಇದೆ. ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ ರಟ್ಟನ್ನು ಬಾಟಲಿಯ ಆಕಾರಕ್ಕೆ, ಅದಕ್ಕಿಂತ ತುಸು ಸಣ್ಣದಾಗಿ ಕತ್ತರಿಸಿ. ಅದನ್ನು ಬಾಟಲಿಯ ಬೆನ್ನಿಗೆ ಕ್ಯಾಮೆರಾಕ್ಕೆ ಕಾಣದಂತೆ ಸ್ವಲ್ಪ ಓರೆಯಾಗಿ ನಿಲ್ಲಿಸಿ, ಮೇಲಿನಿಂದ ಒಂದು ಬಲ್ಬ್ ಅದರ ಮೇಲೆ ಬೀಳುವಂತೆ ಮಾಡಿ. ಹಿನ್ನೆಲೆಗೆ ಒಂದೇ ಬಲ್ಬ್ ಉಳಿಯುವುದರಿಂದ ಷಟರ್ 1/25ಕ್ಕೆ ಇಳಿಸಿ, ಅಲ್ಲೂ ಪಟ್ಟೆ ಬರುವುದಿಲ್ಲ. ಬಾಟಲಿಯ ತೆಳು ಭಾಗದಲ್ಲಿ, ಕುತ್ತಿಗೆಯ ಬಳಿ, ಕೆಂಪು ಏಳುತ್ತದೆ. ನಡುಭಾಗ ಗಾಢವಾಗೇ ಇರಲಿ, ಅದು ಅದರ ನಿಜವಾದ ಬಣ್ಣ. ಪಕ್ಕದಲ್ಲಿ ಗಾಜಿನ ಲೋಟದಲ್ಲಿ ನೀರು ಬೆರೆಸಿದ ಪಾನಕ ಇಡಿ. ಕುಡಿಯುವಾಗ ಇರುವ ಬಣ್ಣ ಅದೇ, ಹಿಂದಿನ ಬೆಳಕಿಗೆ ಅದು ಚೆನ್ನಾಗಿ ಕೆಂಪಗೆ ಹೊಳೆಯುತ್ತದೆ.

ಲೇಬಲ್ಲಿಗೆ ಮುಂದಿನಿಂದ ಬಲ್ಬ್ ಬೇಡ. ಕ್ಯಾಮೆರಾದ ಎರಡೂ ಪಕ್ಕ ಬಿಳಿ ಥರ್ಮೊಕೋಲ್ ಹಲಗೆ ನಿಲ್ಲಿಸಿ, ಹಿಂದಿನಿಂದ ಬಂದ ಬೆಳಕೇ ತಿರುಗಿ ಲೇಬಲ್ಲಿಗೆ ಬೀಳುತ್ತದೆ. ಹಲಗೆಯ ಪ್ರತಿಬಿಂಬ ಗಾಜಿನಲ್ಲಿ ಕಂಡೇ ಕಾಣುತ್ತದೆ, ಅದನ್ನು ಉಪಯೋಗಕ್ಕೆ ತನ್ನಿ: ಒಂದು ಹಲಗೆಯನ್ನು ಬಾಟಲಿಗಿಂತ ಎತ್ತರವಾಗಿ, ಕಿರಿದಾಗಿ ಕತ್ತರಿಸಿದರೆ ಮೇಲಿನಿಂದ ಕೆಳಗಿನವರೆಗೆ ಒಂದು ನೀಟಾದ ಬಿಳಿ ಗೆರೆ ಮೂಡಿ ಗುಂಡನೆಯ ಆಕಾರ ತೋರಿಸುತ್ತದೆ. ಗೆರೆ ಲೇಬಲ್ಲಿನ ಮೇಲೆ ಬಿದ್ದರೆ ಹಲಗೆಯನ್ನು ಬಾಟಲಿಯ ಪಕ್ಕದ ಕಡೆಗೆ ಸರಿಸಿ.

ಪ್ರಶ್ನೆ ಕೇಳಿದವರು

ಲೋಟ ಇಟ್ಟಿದ್ದು ಎಲ್ಲಕ್ಕಿಂತ ಚೆನ್ನಾಗಿ ಕಂಡಿತು. ನಮ್ಮ ಅತ್ತೆಯವರಿಗೂ ಮೆಚ್ಚಿಗೆಯಾಯಿತು. ಲೇಬಲ್ಲೂ ಓದಬಹುದು. ಬಾಟಲಿ ಮೇಲೆ ಬೆರಳಚ್ಚು ಮಾತ್ರ ಎದ್ದು ಕಾಣುತ್ತಿದೆ.

ಉತ್ತರ 2

ಹಿಂದಿನ ಬೆಳಕಿಗೆ ಚೂರು ಧೂಳೂ ಎದ್ದು ಕಾಣುತ್ತದೆ. ತೊಳೆದು, ಮೈಕ್ರೊಫೈಬರ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟದೆ ಮುಚ್ಚಳ ಹಿಡಿದೇ ಎತ್ತಿಡಿ. ಜೇನಿನ ಬಾಟಲಿಯನ್ನು ಹಿಂದಿನ ದಿನವೇ ತುಂಬಿಡಿ, ಗುಳ್ಳೆ ಮೇಲಕ್ಕೆ ಬಂದಿರುತ್ತದೆ. ಲೇಬಲ್ ಅಂಟಿಸುವುದನ್ನು ಎಲ್ಲ ಒರೆಸಿ ಆದಮೇಲೆ ಮಾಡಿ.